ಕ್ಲಿಪ್ಪಿನ ಹಿಂದೆ ಮಸುಕಾದವಳು

"ಅಲ್ಲೇ ನಿಲ್ಲಿ! ಒಂದೇ ನಿಮಿಷ... ಅಲ್ಲಾಡಬೇಡಿ!"

ಹಿಂಡಿದ ಬೆಡ್‌ಶೀಟನ್ನು ಕೊಡವಿ ಹಗ್ಗಕ್ಕೆ ಹಾಕಲು ಎತ್ತಿದ್ದ ಅವಳ ಕೈಗಳು ಹಾಗೆಯೇ ನಿಂತವು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಾರಸಿಯ ಮೇಲೆ ಒಬ್ಬ ಗಂಡಸು ಮಂಡಿಯೂರಿ, ಕ್ಯಾಮೆರಾ ಹಿಡಿದು ತನ್ನತ್ತಲೇ ನೋಡುತ್ತಿದ್ದಾನೆ!

"ಯಾರ್ರೀ ನೀವು? ಹೇಳದೆ ಕೇಳದೆ ನನ್ನ ಫೋಟೊ ತೆಗೀತಿದೀರಾ?"

"ಅಯ್ಯೋ, ನಿಮ್ಮದಲ್ಲ! ಕ್ಲಿಪ್ಪಿಂದು..."

"ಬಟ್ಟೆ ಕ್ಲಿಪ್ಪಿಗೂ ಫೋಟೊನಾ? ಅದಕ್ಕೇನು ಮದುವೆ ಗೊತ್ತಾಗಿದ್ಯಾ?"

ಅವನು ನಕ್ಕುಬಿಟ್ಟ. ಮೇಲಿನ ಮನೆಗೆ ಹೊಸದಾಗಿ ಬಂದವನು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಫೋಟೊ ಬರೀ ಹುಚ್ಚು ಎಂದ. ನಗುವವರ ಮೇಲೆ ಕೋಪ ನಿಲ್ಲುವುದಿಲ್ಲವಲ್ಲ, ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು.

"ನನ್ನ ಮುಖ ನಿಮ್ಮ ಒಂದು ಫೋಟೊದಲ್ಲೂ ಕಾಣಬಾರದು. ತಿಳೀತಾ?"

"ಮಾತು ಕೊಟ್ಟೆ," ಎಂದ ಅವನು. ನಗು ನಿಂತಿತ್ತು.

ಅದಾಗಿ ನಾಲ್ಕು ತಿಂಗಳು.

ಅವಳ ಏಳು ವರ್ಷದ ಮಗಳು ಗುಬ್ಬಿ ಈಗ ಅವನ ಶಿಷ್ಯೆ. ಶಾಲೆಯಿಂದ ಬಂದವಳೇ ಚೀಲ ಎಸೆದು, "ಕ್ಯಾಮೆರಾ ಅಂಕಲ್!" ಎನ್ನುತ್ತಾ ತಾರಸಿಗೆ ಓಡುತ್ತಾಳೆ. ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಅವಳೂ ಹೋಗುತ್ತಾಳೆ. ಹತ್ತು ನಿಮಿಷದ ಕೆಲಸ ಮುಕ್ಕಾಲು ಗಂಟೆ ಹಿಡಿಯುತ್ತದೆ.

"ಲೆನ್ಸೊಳಗೆ ಒಂದು ಕಿಂಡಿ ಇದೆ ಗುಬ್ಬಿ," ಅವನು ಹೇಳುತ್ತಿದ್ದ. "ಇಲ್ಲಿ ನಂಬರ್ ಎರಡು ಅಂತ ಇಟ್ರೆ ಕಿಂಡಿ ದೊಡ್ಡದು. ನಾವು ನೋಡಿದ ಒಂದೇ ವಸ್ತು ಸ್ಪಷ್ಟ, ಹಿಂದೆ ಇರೋದೆಲ್ಲ ಮಸುಕು. ಹದಿನಾರು ಅಂತ ಇಟ್ರೆ ಕಿಂಡಿ ಸಣ್ಣದು. ಹತ್ತಿರದ್ದು, ದೂರದ್ದು ಎಲ್ಲಾ ಸ್ಪಷ್ಟ. ಆದ್ರೆ ಬೆಳಕು ಕಮ್ಮಿ ಹೋಗುತ್ತೆ. ಅದಕ್ಕೇ ಯಾರೂ ಅಲ್ಲಾಡಬಾರದು."

"ಸಂಖ್ಯೆ ದೊಡ್ಡದಾದ್ರೆ ಕಿಂಡಿ ಸಣ್ಣದಾ? ಯಾರು ಅಂಕಲ್ ಇಂಥ ಉಲ್ಟಾ ಲೆಕ್ಕ ಮಾಡಿದ್ದು?"

ಅವಳು ಮುಖ ತಿರುಗಿಸಿ ನಗುತ್ತಿದ್ದಳು. ನಾಲ್ಕು ವರ್ಷವಾಗಿತ್ತು, ಗಂಡ ತೀರಿಹೋದಮೇಲೆ ಹೀಗೆ ನಕ್ಕು! ದರ್ಜಿ ಅಂಗಡಿಯಿಂದ ತಂದ ಅಂಗಿಗಳಿಗೆ ಗುಂಡಿ ಹೊಲಿಯುವಾಗ ಸೂಜಿ ಬೆರಳಿಗೇ ಚುಚ್ಚುತ್ತಿತ್ತು. 'ನನಗೇನಾಗಿದೆ? ಅವರ ಮನಸ್ಸಲ್ಲಿ ಏನಿದೆಯೋ... ಏನೂ ಇಲ್ಲದಿದ್ದರೆ?'

ಗುಬ್ಬಿಯೂ ಏನನ್ನೋ ನುಂಗಿಕೊಂಡು ಓಡಾಡುತ್ತಿದ್ದಳು.

"ಅಮ್ಮಾ, ಒಂದು ಕೇಳ್ಲಾ?"

"ಕೇಳೇ."

"...ಏನಿಲ್ಲ."

ಶಾಲೆಯ ಪುಸ್ತಕದಲ್ಲಿ 'ನಮ್ಮ ಮನೆಯವರು' ಎಂದು ಬರೆದ ಪುಟ ಖಾಲಿಯಿತ್ತು. ಫೋಟೊ ಅಂಟಿಸಿ ತರಲು ಟೀಚರ್ ಹೇಳಿ ವಾರವಾಗಿತ್ತು. ಕೇಳಿದರೆ, "ಆಮೇಲೆ ಅಂಟಿಸ್ತೀನಿ," ಎನ್ನುತ್ತಿದ್ದಳು.

ಶುಕ್ರವಾರ ಅಣ್ಣನ ಫೋನ್ ಬಂತು.

"ಒಬ್ಬಳೇ ಎಷ್ಟು ದಿನ ಅಂತ ಒದ್ದಾಡ್ತೀಯಮ್ಮಾ? ಸಾಮಾನು ಕಟ್ಟಿಕೊಂಡು ನಮ್ಮನೆಗೇ ಬಂದುಬಿಡು. ಭಾನುವಾರ ಬರ್ತೀನಿ. ಹ್ಞೂಂ ಅಥವಾ ಊಹ್ಞೂಂ, ಒಂದು ಹೇಳಿಬಿಡು."

ಏನು ಹೇಳುವುದು? ಇಲ್ಲೇ ಇರಲು ಕಾರಣ ಬೇಕಲ್ಲ!

ಮರುದಿನ ಗುಬ್ಬಿ ತಾರಸಿಯಿಂದ ಒಂದು ಲಕೋಟೆ ತಂದಳು. "ನಾವು ಮನೆ ಬಿಡ್ತೀವೇನೋ ಅಂದೆ. ಅಂಕಲ್ ಒಳಗೆ ಹೋಗಿ ಬಂದ್ರು. ಆಮೇಲೆ ಇದನ್ನ ನಿನಗೆ ಕೊಡು ಅಂದ್ರು."

ಅವಳು ಲಕೋಟೆ ಒಡೆದಳು. ಫೋಟೊಗಳನ್ನು ಒಂದೊಂದಾಗಿ ನೆಲದ ಮೇಲೆ ಹರಡಿದಳು.

ಸ್ಪಷ್ಟವಾದ ಕ್ಲಿಪ್ಪು, ಹಿಂದೆ ಮಸುಕಾಗಿ ಅವಳು. ಸ್ಪಷ್ಟವಾದ ಬಕೆಟ್ಟು, ಹಿಂದೆ ಮಸುಕಾಗಿ ಅವಳು. ಗುಬ್ಬಿಯ ಬಿದ್ದ ಹಲ್ಲಿನ ಸಂದಿ ಕೂಡ ಎಷ್ಟು ಸ್ಪಷ್ಟ! ಹಿಂದೆ ಅವಳು ಮಾತ್ರ ಬರೀ ನೀಲಿ ಸೀರೆಯ ಮಬ್ಬು.

ಓಹೋ... ಉತ್ತರ ಕಳಿಸಿದ್ದಾರೆ. ಬಕೆಟ್ಟಿಗಿರುವ ಬೆಲೆಯೂ ನನಗಿಲ್ಲ!

ಭಾನುವಾರ ಬೆಳಿಗ್ಗೆ ಮೋಡ ಕವಿದಿತ್ತು. ಕಣ್ಣು ಕೆಂಪಾಗಿದ್ದ ಅವಳು ಹಗ್ಗ ಬಿಚ್ಚಿಕೊಂಡು ಹೋಗಲೆಂದೇ ತಾರಸಿಗೆ ಹೋದಳು. ಅವನು ಅಲ್ಲಿಯೇ ಇದ್ದ. ಗೋಡೆಯ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಗುಬ್ಬಿ.

"ನೋಡಿದ್ರಾ?" ಅವನು ಕೇಳಿದ.

"ನೋಡಿದೆ." ಲಕೋಟೆಯನ್ನು ಅವನ ಕೈಗೆ ತುರುಕಿದಳು. "ನನ್ನನ್ನ ಅಳಿಸಿ ಹಾಕೋಕೆ ಇಷ್ಟೆಲ್ಲ ಕಷ್ಟಪಡಬೇಕಿತ್ತಾ? ಬಾಯಲ್ಲಿ ಹೇಳಿದ್ರೆ ಸಾಕಿತ್ತು!"

"ಅಳಿಸೋದಾ?" ಅವನು ಬೆಪ್ಪಾಗಿ ನಿಂತ. "ಮುಖ ಕಾಣಬಾರದು ಅಂತ ನೀವೇ ತಾನೇ ಹೇಳಿದ್ದು? ಮಾತು ಕೊಟ್ಟಿದ್ದೆ. ನಾಲ್ಕು ತಿಂಗಳಿಂದ ಆ ನಂಬರ್ ಎರಡು ಬಿಟ್ಟು ಮುಂದಕ್ಕೆ ಹೋಗಿಲ್ಲ ನಾನು! ಕ್ಯಾಮೆರಾ ಕ್ಲಿಪ್ಪನ್ನ ನೋಡ್ತಿತ್ತು ರೀ... ನಾನಲ್ಲ. ಒಂದೇ ಒಂದು ತೋರಿಸಿ, ನೀವಿಲ್ಲದ ಫೋಟೊ."

ಅವಳು ಲಕೋಟೆಯನ್ನು ಮತ್ತೆ ಕಸಿದುಕೊಂಡಳು. ಒಂದು, ಎರಡು, ಐದು, ಒಂಬತ್ತು... ಹೌದು. ಎಲ್ಲದರಲ್ಲೂ ಅವಳ ಆ ಮಬ್ಬು ಇತ್ತು. ಇಲ್ಲದ್ದು ಒಂದೂ ಇರಲಿಲ್ಲ.

'ಹಾಳಾದ ನನ್ನ ಬಾಯಿ!'

"ಆ ಮಾತು..." ಅವಳು ಕಣ್ಣೊರೆಸಿಕೊಂಡಳು, "ವಾಪಸ್ ತಗೊಂಡೆ."

"ಹಾಗಾದ್ರೆ ಹದಿನಾರು!" ಗುಬ್ಬಿ ಕಿರುಚಿದಳು. "ಅಂಕಲ್, ನಾನು ತೆಗೀತೀನಿ! ಗುಂಡಿ ಒತ್ತಿದ್ರೆ ಹತ್ತು ಎಣಿಸಿದ ಮೇಲೇ ಕ್ಲಿಕ್ ಆಗುತ್ತೆ, ಅಷ್ಟರೊಳಗೆ ಓಡಿ ಬರ್ತೀನಿ. ಅಮ್ಮಾ, ನಿಂತ್ಕೋ!"

ಅವಳು ಹಗ್ಗದ ಪಕ್ಕ ನಿಂತಳು. ಅವನು ನೀರಿನ ಟ್ಯಾಂಕಿನ ಹತ್ತಿರ, ದೂರದಲ್ಲೇ ನಿಂತ.

"ಸಂಜೆ ಅಣ್ಣ ಬರ್ತಾನೆ," ತಿರುಗದೆಯೇ ಅಂದಳು.

"ನಾನು ಬಂದು ಮಾತಾಡ್ಲಾ?"

"ಮಾತು ನಾನೇ ಆಡ್ತೀನಿ. ಇಲ್ಲೇ ಇರ್ತೀನಿ ಅಂತ ಹೇಳ್ತೀನಿ. ನೀವು ಬಂದು ಪಕ್ಕದಲ್ಲಿ ನಿಂತ್ರೆ ಸಾಕು."

"ಅಷ್ಟೇನಾ? ಜೀವನಪೂರ್ತಿ ನಿಲ್ತೀನಿ."

"ಅಲ್ಲಾಡಬೇಡಿ!" ಗುಬ್ಬಿ ಗುಂಡಿ ಒತ್ತಿ ಓಡಿಬಂದು ಅಮ್ಮನ ಸೀರೆ ಹಿಡಿದಳು.

ಎಷ್ಟು ದಿನದಿಂದ ಒಂದು ಕಡೆ ನಿಲ್ಲದ ಕಾಲು, ಒಂದು ಕಡೆ ನಿಲ್ಲದ ಮನಸ್ಸು... ಅವಳು ಅಲುಗಾಡದೆ ನಿಂತಳು.

ಕ್ಲಿಕ್.

ಮೂರು ತಲೆಗಳೂ ಪುಟ್ಟ ಪರದೆಯ ಮೇಲೆ ಬಾಗಿದವು. ಮುಂದೆ ಹಗ್ಗದ ಕ್ಲಿಪ್ಪು, ಆಮೇಲೆ ಗುಬ್ಬಿ, ಅವಳು, ದೂರದಲ್ಲಿ ಅವನು. ಎಲ್ಲವೂ ಸ್ಪಷ್ಟ. ಅವನ ಕೆನ್ನೆಯ ಮೇಲಿನ ಒದ್ದೆ ಕೂಡ.

"ಇಷ್ಟು ದೂರ ಯಾಕೆ ನಿಂತ್ರಿ?" ಅವಳು ಮೆಲ್ಲಗೆ ಕೇಳಿದಳು.

"ನೀವು ಕರೀಲಿಲ್ಲ ಅಂತ."

"ಈಗ ಕರೆದೆನಲ್ಲ... ಬನ್ನಿ."

ಗುಬ್ಬಿ ಪರದೆಯಿಂದ ಕಣ್ಣು ಕೀಳಲಿಲ್ಲ. ಒಂದು ಬೆರಳು ಬಾಯಿಗೆ ಹೋಯಿತು, ಹೊರಗೆ ಬಂತು.

"ಅಮ್ಮಾ, ಒಂದು ಕೇಳ್ಲಾ?"

"ಕೇಳೇ ಗುಬ್ಬಿ."

ಈ ಸಲ ಗುಬ್ಬಿ 'ಏನಿಲ್ಲ' ಎನ್ನಲಿಲ್ಲ.

"ನಮ್ಮ ಮನೆಯವರು ಅಂತ ಒಂದು ಪುಟ ಇದೆಯಲ್ಲ... ಅಲ್ಲಿಗೆ ಇದನ್ನೇ ಅಂಟಿಸ್ಲಾ?"