ಬೆಳಗಿನ ನಾಲ್ಕು ಸ್ಯಾಂಪಲ್

“ಮತ್ತೆ ಬಂದ್ರಾ? ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ. ಬೆಳ್ಳಿ ಎಲ್ಲಿಗೆ ಓಡಿಹೋಗುತ್ತೆ?” ಎಂದು ಮೊನ್ನೆ ಟ್ಯಾಂಕಿನವನು ಕಣ್ಣಲ್ಲೇ ನಕ್ಕಿದ್ದ.

ಲ್ಯಾಬಿನವಳು ತಲೆ ಎತ್ತದೆ ಬಾಟಲಿ ತುಂಬಿಕೊಂಡಿದ್ದಳು. “ನಿಮ್ಮನ್ನ ನಂಬಿ ಬಿಟ್ರೆ ಓಡಿಹೋದ್ರೂ ಹೋದೀತು.” ಕಿವಿ ಮಾತ್ರ ಕೆಂಪಗಾಗಿತ್ತು.

ಎಕ್ಸ್-ರೇ ಫಿಲ್ಮ್ ತೊಳೆದ ದ್ರಾವಣಕ್ಕೆ ಕರೆಂಟ್ ಹಾಯಿಸಿ ಬೆಳ್ಳಿ ತೆಗೆಯುವ ಆ ಸಣ್ಣ ಕಾರ್ಖಾನೆ ಅವಳ ಸೋದರಮಾವನದು. ದ್ರಾವಣದಲ್ಲಿ ಬೆಳ್ಳಿ ಕಡಿಮೆಯಾದಂತೆ ಕರೆಂಟನ್ನೂ ಇಳಿಸಬೇಕು. ಇಲ್ಲದಿದ್ದರೆ ವಿಷದ ಗ್ಯಾಸ್ ಏಳುತ್ತದೆ. ಎಷ್ಟು ಇಳಿಸಬೇಕೆಂದು ಟ್ಯಾಂಕಿನವನಿಗೆ ತಿಳಿಯುವುದು ಅವಳ ಟೆಸ್ಟಿನಿಂದ.

“ಒಂದೊಂದು ಟೆಸ್ಟಿಗೂ ಇಷ್ಟು ದುಬಾರಿ ಕೆಮಿಕಲ್ ಸುರೀತೀಯಲ್ಲೇ, ದಿನಕ್ಕೆ ಎಂಟು ಸಲ ಬೇಕಾ?” ಎಂದು ನಿನ್ನೆ ಮಾವ ಕೇಳಿದ್ದೇ ತಡ, ಅವಳಿಗೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕಾರಣ ಗೊತ್ತಾಗಿಬಿಟ್ಟರೆ? ಆ ಹೆದರಿಕೆಗೆ ‘ದಿನಕ್ಕೆ ಒಂದು ಟೆಸ್ಟ್ ಸಾಕು, ಬೆಳಿಗ್ಗೆ’ ಎಂದು ಟ್ಯಾಂಕಿನವನಿಗೆ ಚೀಟಿ ಬರೆದುಕೊಟ್ಟಳು.

ಇವತ್ತು ಮಧ್ಯಾಹ್ನ ಕಿಟಕಿಯಿಂದ ಕೊಳೆತ ಮೊಟ್ಟೆಯ ವಾಸನೆ ಬಂತು. ಅದೇ ವಿಷದ ಗ್ಯಾಸ್! ಅವಳು ಓಡಿದಳು. ಆ ಗ್ಯಾಸ್ ಹೆಚ್ಚಾದರೆ ಮೂಗು ಸತ್ತು ವಾಸನೆಯೂ ಗೊತ್ತಾಗುವುದಿಲ್ಲ, ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಇದನ್ನು ಅವನಿಗೆ ಕಲಿಸಿದವಳು ಅವಳೇ.

ಟ್ಯಾಂಕ್ ರೂಮಿನ ಬಾಗಿಲು ಮುಚ್ಚಿತ್ತು. ಕೂಗಿದಳು, ಉತ್ತರವಿಲ್ಲ. ಹಿಡಿಗೆ ಕೈ ಹಾಕುವಷ್ಟರಲ್ಲಿ ಯಾರೋ ಹಿಂದಿನಿಂದ ರಟ್ಟೆ ಹಿಡಿದು ಎಳೆದರು.

“ಒಳಗೆ ಹೋಗ್ಬೇಡಿ! ಕರೆಂಟ್ ಆಫ್ ಮಾಡಿ ಈಚೆ ಬಂದೆ.” ಅವನೇ. ಕಣ್ಣು ಕೆಂಡದಂತಾಗಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ.

ಅವಳು ಎರಡೂ ಕೈಯಲ್ಲಿ ಅವನ ಅಂಗಿ ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟಳು. “ನಿನಗೇನಾದ್ರೂ ಆಗಿದ್ರೆ ನಾನು ಏನ್ ಮಾಡ್ತಿದ್ದೆ?”

“ನಿಮ್ಮ ಚೀಟಿ ನೋಡಿ, ನಿಮಗೆ ನನ್ನ ಮುಖ ನೋಡಿ ನೋಡಿ ಸಾಕಾಗಿದೆ ಅಂದ್ಕೊಂಡೆ. ಟೆಸ್ಟ್ ಮಾಡಿ ಅಂತ ಕರೆಯೋಕೂ ಮನಸ್ಸಾಗ್ಲಿಲ್ಲ.”

ಅಷ್ಟರಲ್ಲಿ ಮಾವ ಏದುಸಿರು ಬಿಡುತ್ತ ಬಂದರು. “ಕಣ್ಣು ಮುಚ್ಕೊಂಡು ಕೆಲಸ ಮಾಡ್ತೀಯೇನೋ? ನಾಳೆಯಿಂದ ಬರಬೇಡ!”

ಸುಮ್ಮನಿದ್ದರೆ ಅವಳ ಮಾನ ಉಳಿಯುತ್ತಿತ್ತು, ಅವನ ಕೆಲಸ ಹೋಗುತ್ತಿತ್ತು.

“ತಪ್ಪು ನಂದು ಮಾವ. ಬೆಳಿಗ್ಗೆ ಬೆಳ್ಳಿ ಜಾಸ್ತಿ ಇರುತ್ತೆ, ಒಂದು ಟೆಸ್ಟ್ ಸಾಕು. ಆದ್ರೆ ಬೆಳ್ಳಿ ಕಡಿಮೆಯಾಗೋ ಕೊನೇ ಎರಡು ಗಂಟೆ ಅರ್ಧರ್ಧ ಗಂಟೆಗೂ ಬೇಕೇ ಬೇಕು. ದಿನಕ್ಕೆ ಐದು. ಖರ್ಚೂ ಇಳಿಯುತ್ತೆ, ಜೀವಾನೂ ಉಳಿಯುತ್ತೆ.”

“ಇಷ್ಟು ಗೊತ್ತಿದ್ದೋಳು ಬೆಳಿಗ್ಗೆ ಹೊತ್ತು ನಾಲ್ಕು ಸಲ ಯಾಕೆ ಹೋಗ್ತಿದ್ದೆ?”

ಅವಳು ಆಗಲೂ ಅವನ ಅಂಗಿ ಬಿಡಲಿಲ್ಲ.

“ಇವರನ್ನ ನೋಡೋಕೆ.”

ಟ್ಯಾಂಕಿನವನು ಕೆಮ್ಮು ತಡೆದುಕೊಂಡು, ಅವಳ ಬೆರಳುಗಳ ಮೇಲೆ ತನ್ನ ಕೈ ಇಟ್ಟ.

“ನಾನೂ ಗಡಿಯಾರ ನೋಡ್ಕೊಂಡು ಕಾಯ್ತಿದ್ದೆ, ಸಾರ್.”