ಒರೆಸಿದ ತೋಳು

ತೂಬಗೆರೆಯ ತನ್ನ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿರುವುದನ್ನು ಕಂಡ ಅನುಸೂಯಮ್ಮನ ಕೈಯಿಂದ ಚೀಲ ಜಾರಿ ಬಿತ್ತು. ಅಮ್ಮ ಬಂದ ಮನೆಗಲ್ಲವೇ ಬೇವು ಕಟ್ಟುವುದು! ಅಡುಗೆಮನೆಯಿಂದ ಒಗ್ಗರಣೆಯ ವಾಸನೆಯೂ ಇಲ್ಲ. ಒಳಗೆ ಓಡಿದಳು. ನಡುಮನೆಯ ಚಾಪೆಯ ಮೇಲೆ ಮಗಳು ಮುತ್ಯಾಲು ಮಲಗಿದ್ದಳು... ಮೈತುಂಬ ಸಿಡುಬು! ಪಕ್ಕದಲ್ಲಿ ಅತ್ತೆ ಮುನಿತಾಯಮ್ಮ ಬೇವಿನ ಸೊಪ್ಪಿನಿಂದ ಗಾಳಿ ಬೀಸುತ್ತಿದ್ದಳು.

ಆ ವರ್ಷ ದೊಡ್ಡಬಳ್ಳಾಪುರದ ಸುತ್ತ ಸಿಡುಬು ಊರೂರು ಸುತ್ತುತ್ತಿತ್ತು. ಅದು ಬಾರದಂತೆ ಮಕ್ಕಳ ತೋಳಿನ ಮೇಲೆ ಒಂದು ತೊಟ್ಟು ಮದ್ದಿಟ್ಟು, ಸೂಜಿಯಿಂದ ಚುಚ್ಚಿ ದಾಕು ಹಾಕುವುದು ಅನುಸೂಯಮ್ಮನ ಸರ್ಕಾರಿ ಕೆಲಸ. ಮಾಕಳಿದುರ್ಗದ ತಪ್ಪಲಿನ ಹಳ್ಳಿಗಳಲ್ಲೇ ಉಳಿದು ಕೆಲಸ ಮಾಡಬೇಕೆಂದು ಆಜ್ಞೆ ಬಂದಾಗ, ಹೊರಡುವ ಮುನ್ನ ತನ್ನ ಮಗಳ ತೋಳಿಗೇ ಮೊದಲು ದಾಕು ಹಾಕಿ, ನೆಮ್ಮದಿಯಿಂದ ಬಸ್ಸು ಹತ್ತಿದ್ದಳು. ಆ ತೊಟ್ಟು ತಾನಾಗಿ ಒಣಗಿ, ಆಮೇಲೆ ಗುಳ್ಳೆ ಎದ್ದರೆ ಮಾತ್ರ ದಾಕು ಹಿಡಿದಂತೆ. ಅಲ್ಲಿ ಕಂಡವರ ಮಕ್ಕಳ ತೋಳನ್ನೆಲ್ಲ ತಿರುಗಿಸಿ ತಿರುಗಿಸಿ ನೋಡಿದಳು, ಪಾಪ! ತನ್ನ ಮಗಳ ತೋಳು ನೋಡಲು ಮನೆಗೆ ಬರುವಷ್ಟು ಬಿಡುವಾಗಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಈಗ ಮಗುವಿನ ತೋಳನ್ನು ಎತ್ತಿ ನೋಡಿದಳು. ಸಿಡುಬಿನ ಗುಳ್ಳೆಗಳಿದ್ದವು, ದಾಕಿನ ಗುರುತಿರಲಿಲ್ಲ.

"ಅತ್ತೇ... ನಾನು ಹಾಕಿದ್ ದಾಕು ಏನಾಯ್ತು?"

ಮುನಿತಾಯಮ್ಮನ ಕೈಯ ಸೊಪ್ಪು ನಿಂತಿತು. "ನೀನು ಅತ್ಲಾಗ್ ಹೋದೇಟ್ಗೇ... ಅರಿಶಿನದ ನೀರಾಗೆ ತೊಳ್ದು ಒರೆಸ್ಬಿಟ್ಟೆ ಕಣವ್ವ. ಅಮ್ಮನ ಹೆಸ್ರಿಟ್ಟಿರೋ ಕೂಸು. ಅದಕ್ಕೇ ಸೂಜಿ ಚುಚ್ಚಿದ್ರೆ ಆ ತಾಯಿ ಮುನಿಸ್ಕೊಳಲ್ವಾ ಅಂತ..."

"ಒರೆಸ್ಬಿಟ್ರಾ! ಆ ಒಂದು ತೊಟ್ಟಲ್ಲಿ ನನ್ನ ಮಗಳ ಜೀವ ಇತ್ತಲ್ಲ ಅತ್ತೇ!"

"ಕೆಟ್ಟದ್ದಾಗ್ಲಿ ಅಂತ ಮಾಡ್ಲಿಲ್ಲ ಕಣೇ... ಆ ಮುತ್ಯಾಲಮ್ಮನಾಣೆ!"

ಅದು ನಿಜ. ಮೊಮ್ಮಗಳೆಂದರೆ ಮುದುಕಿಗೆ ಪ್ರಾಣ. ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು. ಪ್ರೀತಿಯಿಂದ ಕೆಡಿಸಿದವರನ್ನು ಏನೆಂದು ಬೈಯುವುದು?

ಮಗು ಬದುಕಿತು. ಆದರೆ ಸಿಡುಬು ಅದರ ಎರಡು ಕಣ್ಣನ್ನೂ ತೆಗೆದುಕೊಂಡು ಹೋಯಿತು. ಅಂದಿನಿಂದ ಅನುಸೂಯಮ್ಮ ಅತ್ತೆಗೆ ಮುದ್ದೆ ಬಡಿಸಿದಳು, ಬಿಸಿನೀರು ಕಾಯಿಸಿಕೊಟ್ಟಳು. ಆದರೆ "ಅತ್ತೆ" ಎಂದು ಕರೆಯಲಿಲ್ಲ, ಒಂದು ಮಾತೂ ಆಡಲಿಲ್ಲ. ಗಂಡ ವೆಂಕಟರಾಯಪ್ಪ ಇಬ್ಬರ ನಡುವೆ ಅಡಕತ್ತರಿಯ ಅಡಕೆಯಾಗಿಬಿಟ್ಟ.

ಮಗು ಪೂರ್ತಿ ವಾಸಿಯಾದ ಮೇಲೆ ಅವಳು ಮತ್ತೆ ಚೀಲ ಎತ್ತಿಕೊಂಡು ಕೇರಿಗೆ ಹೊರಟಳು. ಹಸುಗೂಸಿದ್ದ ಪಿಳ್ಳಮ್ಮ ಅವಳನ್ನು ಕಂಡದ್ದೇ ಬಾಗಿಲು ಹಾಕಿಕೊಂಡು ಒಳಗಿನಿಂದಲೇ ಕೂಗಿದಳು.

"ದಾಕು ಹಾಕೋಳ್ ಮಗೂಗೇ ಅಮ್ಮ ಬಂದು ಕಣ್ಣು ಹೋಯ್ತು! ನಿನ್ ದಾಕು ನಮಗ್ಯಾಕೆ? ಹೋಗು, ಹೋಗು!"

ಅಕ್ಕಪಕ್ಕದ ಬಾಗಿಲುಗಳೂ ಮುಚ್ಚಿದವು. ಅತ್ತೆ ಒರೆಸಿದಳೆಂದು ಒಂದು ಮಾತು ಹೇಳಿದರೆ ಬಾಗಿಲು ತೆರೆದೀತು! ಆದರೆ ಆ ಮುದುಕಿ ಇನ್ನು ಊರಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ತುಟಿ ಕಚ್ಚಿಕೊಂಡು ತಿರುಗಿದಳು.

ಬೀದಿಯಲ್ಲಿ ಮುನಿತಾಯಮ್ಮ ನಿಂತಿದ್ದಳು, ಕಂಕುಳಲ್ಲಿ ಮುತ್ಯಾಲು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಲೇ ಪಿಳ್ಳಿ, ಬಾಗಿಲು ತೆಗಿಯೇ! ನನ್ ಸೊಸೆ ಹಾಕಿದ್ ದಾಕು ಸುಳ್ಳಲ್ಲ. ಅವಳ ಹಿಂದೇನೇ ಅದನ್ನ ಒರೆಸಿದ್ದು ಈ ಕೈಯಿ! ಈ ಕೂಸಿನ ಕಣ್ಣು ಕಳೆದಿದ್ದು ನಾನು ಕಣ್ರೇ, ನಾನು! ಉಗಿಯೋದಿದ್ರೆ ನನಗೆ ಉಗೀರಿ... ಮಕ್ಕಳನ್ನ ಮಾತ್ರ ಬಚ್ಚಿಡ್ಬೇಡ್ರೇ!"

ಪಿಳ್ಳಮ್ಮ ಬಾಗಿಲು ತೆಗೆದು ಕೂಸಿನೊಂದಿಗೆ ಹೊರಗೆ ಬಂದಳು. ಅನುಸೂಯಮ್ಮ ದಾಕು ಹಾಕಿದಳು. ಕೂಸು ಚಿಟ್ಟನೆ ಚೀರಿತು. ಪಿಳ್ಳಮ್ಮನ ಕೈ ತಾನಾಗಿ ಸೆರಗಿನ ಕಡೆ ಹೋಯಿತು, ಒರೆಸಲು... ಮುನಿತಾಯಮ್ಮ ಆ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

"ಒಣಗ್ಲಿ ಬಿಡವ್ವ."

ಮುದುಕಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮುತ್ಯಾಲು ಕೈಯಿಂದ ತಡವಿ ತಡವಿ ಅಜ್ಜಿಯ ಮುಖ ಒರೆಸಿತು. ಅನುಸೂಯಮ್ಮ ಚೀಲ ಕೆಳಗಿಟ್ಟು ಎರಡೂ ಕೈ ಚಾಚಿದಳು.

"ಮಗೂನ ಇತ್ಲಾಗ್ ಕೊಡಿ ಅತ್ತೇ, ಸೊಂಟ ನೋಯ್ತದೆ ನಿಮಗೆ. ಮುಂದಿನ ಮನೆಗೆ ಹೋಗೋಣ ನಡೀರಿ."