ಬಂಕಿನ ಕರಿಮಣ್ಣು

ಪೆಟ್ರೋಲ್ ಬಂಕಿನ ಕಟ್ಟೆಯ ಮೇಲೆ, ಲಾರಿ ಡ್ರೈವರುಗಳ ಎದುರಿನಲ್ಲಿ, ಅಣ್ಣ ಕಲ್ಲೇಶಪ್ಪ ಕೆನ್ನೆಗೆ ಬಾರಿಸಿದ ಏಟನ್ನು ದೇವೀರಪ್ಪ ಐದು ವರ್ಷವಾದರೂ ಮರೆತಿರಲಿಲ್ಲ. ಆಗ ಅವನಿಗೆ ಮೂವತ್ತಾರು. ಮದುವೆಯಾಗಿ, ಎರಡು ಮಕ್ಕಳಾಗಿ, ನಾಲ್ಕು ಜನ ‘ಬನ್ನಿ ಕೂತ್ಕಳಿ’ ಅನ್ನುವ ಕಾಲ. ಅಂಥವನ ಕೆನ್ನೆಗೆ ಬಿದ್ದ ಏಟು ಅಲ್ಲೇ ಆರಿಹೋಗುತ್ತದೆ ಎಂದುಕೊಂಡಿದ್ದರೆ ಅದು ಕಲ್ಲೇಶಪ್ಪನ ದಡ್ಡತನ.

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿದ್ದ ಅಣ್ಣನ ಆ ಬಂಕಿನಲ್ಲಿ ದಿನಾ ಬೆಳಿಗ್ಗೆ ನೆಲದೊಳಗಿನ ಟ್ಯಾಂಕಿಗೆ ಅಳತೆ ಕೋಲು ಇಳಿಸಿ ನೋಡುವುದು ದೇವೀರಪ್ಪನ ಕೆಲಸ. ಒಂದು ದಿನ ಕೋಲು ಕಡಿಮೆ ತೋರಿಸಿತು. ಮರುದಿನ ಇನ್ನೂ ಕಡಿಮೆ. ಯಾರೂ ಕೇಳದಿದ್ದರೂ ಅವನೇ ಹೋಗಿ ಅಣ್ಣನಿಗೆ ಹೇಳಿದ. ಕಲ್ಲೇಶಪ್ಪ ಕೋಲಿನ ಕಡೆ ಕಣ್ಣೂ ಹಾಯಿಸಲಿಲ್ಲ, ತಮ್ಮನ ಮುಖವನ್ನೇ ನೋಡಿದ.

“ಯಾವ ಲಾರಿಯೋನಿಗೆ ಮಾರ್ಕೊಂಡೆ ಹೇಳಲೇ, ಕಳ್ಳ ನನ್ಮಗನೆ!” ಎಂದು ಕೈಯೆತ್ತಿದ.

ಅಲ್ಲಿಂದ ಮೂರು ವರ್ಷ ದೇವೀರಪ್ಪ ಊರಿನ ಬಾಯಲ್ಲಿ ಕಳ್ಳನಾದ. ಟ್ಯಾಂಕಿನ ತಳ ತುಕ್ಕು ತಿಂದು ಸೋರುತ್ತಿದೆ ಎಂದು ಗೊತ್ತಾದದ್ದು ಹಿಂದಿನ ಬೀದಿಯ ಸೇದುಬಾವಿಯ ನೀರು ನಾರತೊಡಗಿದಾಗ. ಒಂದು ಸಂಜೆ ಆ ಬೀದಿಯ ಸರ್ವರ್ ಬೇಗಂ ಬಾವಿಗೆ ಬಿದ್ದ ಕೊಡ ಹುಡುಕಲು ಲಾಟೀನು ಹಿಡಿದು ಬಗ್ಗಿದಳು. ಬಾವಿಯೊಳಗಿಂದ ಬೆಂಕಿ ಭಗ್ಗನೆ ಎದ್ದು ಅವಳ ಎರಡು ಕೈಯೂ ಮೊಣಕೈವರೆಗೆ ಸುಟ್ಟುಹೋದವು. ಅವಳ ಗಂಡ ದಾವೂದ್ ಸಾಬ್ ಮಣ್ಣು ಅಗೆಸುವ ಕಂತ್ರಾಟು ಮಾಡುವವನು. ಅವನು ಬಸ್‌ಸ್ಟ್ಯಾಂಡಿನಲ್ಲಿ ಕಲ್ಲೇಶಪ್ಪನ ಕೊರಳಪಟ್ಟಿ ಹಿಡಿದು, “ನಿನ್ನನ್ನ ಅದೇ ಮಣ್ಣಲ್ಲಿ ಹೂಳ್ತೀನಿ ಕಣೋ!” ಎಂದು ಕೂಗಿದ. ತರೀಕೆರೆ ಬಸ್ಸಿಗೆ ಕಾಯುತ್ತಿದ್ದ ಅರ್ಧ ಊರು ಅದನ್ನು ಕೇಳಿಸಿಕೊಂಡಿತು. ದೇವೀರಪ್ಪನೂ ಕೇಳಿಸಿಕೊಂಡ, ಜೋಪಾನವಾಗಿ ಇಟ್ಟುಕೊಂಡ.

ಬಂಕು ಮುಚ್ಚಿತು. ಕಲ್ಲೇಶಪ್ಪ ಇದ್ದಕ್ಕಿದ್ದಂತೆ ಮೆತ್ತಗಾದ. ಸರ್ವರ್ ಬೇಗಂಳನ್ನು ಶಿವಮೊಗ್ಗದ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋದ. ಬಾವಿಕಟ್ಟೆಯ ಮುಂದೆ ನಿಂತು ಬೀದಿಯ ಹೆಂಗಸರಿಗೆಲ್ಲ ಕೈಮುಗಿದ. ದಾವೂದ್ ಸಾಬನ ಮನೆಗೆ ಹೋಗಿ, “ಆ ಕೆಟ್ಟ ಮಣ್ಣನ್ನೆಲ್ಲಾ ಬಗೆದು ತೆಗಿ ಮಾರಾಯ, ಆ ಕೆಲಸ ನಿನ್ ಕೈಲೇ ಆಗ್ಲಿ,” ಎಂದ. ಮಣ್ಣು ಶುದ್ಧವಾದ ಮೇಲೆ ಜಾಗವನ್ನು ಓದುವ ಮಕ್ಕಳ ಹಾಸ್ಟೆಲ್ಲಿಗಾಗಿ ಮಠಕ್ಕೆ ಬರೆದುಕೊಡುವುದಾಗಿ ಹೇಳಿದ. ಊರೆಲ್ಲ ಹೊಗಳಿತು. ಕ್ಷಮೆ ಕೇಳಿಸಿಕೊಳ್ಳುವವರ ಸಾಲಿನಲ್ಲಿ ದೇವೀರಪ್ಪನೂ ಕಾದ. ಅವನ ಸರದಿ ಮಾತ್ರ ಬರಲೇ ಇಲ್ಲ.

ಬಾಯಿಬಿಟ್ಟು ಕೇಳಿಯೂ ಆಯಿತು. ಆ ಜಾಗ ನನಗಿರಲಿ, ಅಕ್ಕಿ ಮಿಲ್ಲು ಹಾಕುತ್ತೇನೆ ಎಂದ. ಕಲ್ಲೇಶಪ್ಪ ಎಲೆಗೆ ಸುಣ್ಣ ಸವರುತ್ತಾ, “ಮುಂದಿನ್ ವಾರ ಬಿಟ್ಟು ಆಚೆ ಗುರುವಾರ ತರೀಕೆರೇಲಿ ರಿಜಿಸ್ಟ್ರಿ ಐತೆ. ಮಿಲ್ಲು ಗಿಲ್ಲು ನಿನ್ ಕೈಲಾಗೋದಲ್ಲ, ಸುಮ್ನಿರು,” ಎಂದು ಮಾತು ಮುಗಿಸಿದ. ಆ ಗಳಿಗೆಯಲ್ಲೇ ದೇವೀರಪ್ಪನಿಗೆ ಅಣ್ಣ ಸತ್ತುಹೋದ. ಮಿಕ್ಕಿದ್ದು ಕೆಲಸ ಮಾತ್ರ.

ಆ ಕೆಲಸವನ್ನು ಅವನು ಅಚ್ಚುಕಟ್ಟಾಗಿ ಯೋಚಿಸಿದ. ಕಡೂರಿನ ವಕೀಲರೊಬ್ಬರ ಬಳಿ ಬೇರೆ ಯಾರದೋ ಕತೆ ಎಂಬಂತೆ ಕೇಳಿ ತಿಳಿದುಕೊಂಡಿದ್ದ: ಕಾಣೆಯಾದ ಮನುಷ್ಯ ಸತ್ತನೆಂದು ಕಾನೂನು ಒಪ್ಪಬೇಕಾದರೆ ಏಳು ವರ್ಷ ಬೇಕು. ಏಳು ವರ್ಷ ಯಾರು ಕಾಯುತ್ತಾರೆ? ಹೆಣ ಅಡಗಿಸಿ ಬೆವರುತ್ತಾ ಕೂರುವವರು ಬುದ್ಧಿಯಿಲ್ಲದವರು. ಅಣ್ಣನ ಹೆಣ ಸಿಗಬೇಕು. ವಾರದೊಳಗೆ, ಹತ್ತು ಜನರ ಎದುರು, ದಾವೂದ್ ಸಾಬ್ ಅಗೆಸಿದ ಗುಂಡಿಯಲ್ಲೇ ಸಿಗಬೇಕು. ಅತ್ತಿಗೆ ತೀರ್ಥಮ್ಮನಿಗೆ ಮಕ್ಕಳಿಲ್ಲ. ಮೈದುನ ತೋರಿಸಿದ ಕಡೆ ಆಕೆ ಸಹಿ ಹಾಕುತ್ತಾಳೆ.

ಟ್ಯಾಂಕು ಕಿತ್ತ ಗುಂಡಿ ಹನ್ನೆರಡು ಅಡಿ ಆಳವಿತ್ತು. ಯಾವನಾದರೂ ಬೀಡಿ ಎಸೆದಾನೆಂದು ಸುತ್ತ ತಗಡು ಹೊಡೆದಿದ್ದರು. ಅಲ್ಲಿಂದ ತೆಗೆದ ಕರಿಮಣ್ಣನ್ನು ಎತ್ತಿನ ಗಾಡಿಯಲ್ಲಿ ಊರಾಚೆಯ ಪಾಳು ಕಲ್ಲುಕ್ವಾರಿಗೆ ಸಾಗಿಸಿ, ಗೇಣುದ್ದ ದಪ್ಪಕ್ಕೆ ಹರಡಿ, ಬಿಸಿಲಿಗೂ ಗಾಳಿಗೂ ಬಿಟ್ಟು ಆಗಾಗ ತಿರುವಿಹಾಕುತ್ತಿದ್ದರು. ತಿಂಗಳೆರಡು ತಿಂಗಳಿಗೆ ನಾತ ಇಳಿಯುತ್ತಿತ್ತು. ಗುಂಡಿ ಪೂರ್ತಿ ಶುದ್ಧವಾದ ಮೇಲೆ ಕೆಂಪು ಮಣ್ಣು ತುಂಬುವುದು ಎಂದು ಮಾತಾಗಿತ್ತು.

ಮೊದಲು ಅವನು ಶುಕ್ರವಾರ ಎಂದುಕೊಂಡಿದ್ದ. ನಮಾಜಿನ ಹೊತ್ತಿಗೆ ಜಾಗ ಖಾಲಿಯಿರುತ್ತದೆ. ಆದರೆ ಆ ಹೊತ್ತು ದಾವೂದ್ ಸಾಬ್ ಮಸೀದಿಯಲ್ಲಿದ್ದ ಎನ್ನಲು ನೂರು ಸಾಕ್ಷಿ ಹುಟ್ಟುತ್ತವೆ. ಹೀಗೆ ತನ್ನ ತಪ್ಪನ್ನು ತಾನೇ ಹಿಡಿದಾಗ ದೇವೀರಪ್ಪನಿಗೆ ತನ್ನ ಮೇಲೆ ಬಹಳ ಮೆಚ್ಚುಗೆಯಾಯಿತು. ಸೋಮವಾರವೇ ಸರಿ. ಸೋಮವಾರ ಬಸವನ ವಾರ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಗಾಡಿ ಇಲ್ಲ, ಮಣ್ಣು ಹೊರುವ ಹೆಂಗಸರಿಲ್ಲ. ದಾವೂದ್ ಸಾಬ್ ಒಬ್ಬನೇ ಕ್ವಾರಿಯಲ್ಲಿ ಮಣ್ಣು ತಿರುವುತ್ತಾ ಇರುತ್ತಾನೆ, ಅವನನ್ನು ನೋಡುವವರು ಕಾಗೆಗಳು ಮಾತ್ರ. ಕಲ್ಲೇಶಪ್ಪ ಪೂಜೆ ಮುಗಿಸಿ ಹನ್ನೊಂದಕ್ಕೆ ಗುಂಡಿ ನೋಡಲು ತಪ್ಪದೆ ಬರುತ್ತಾನೆ.

ಗುಂಡಿಯ ತಳದಲ್ಲಿ ಹೂತರೆ ತುಂಬುವವರ ಕಣ್ಣಿಗೆ ಹೊತ್ತಿಗೆ ಮೊದಲೇ ಬೀಳುತ್ತದೆ. ಅದಕ್ಕೇ ಹಿಂದಿನ ಸೋಮವಾರವೇ ತಳದ ಪಕ್ಕದ ಗೋಡೆಯಲ್ಲಿ ಒಂದು ಗೂಡು ಕೊರೆದ. ಮರುದಿನ ಮಣ್ಣು ಹೊರುವ ಯಲ್ಲಮ್ಮ, “ಇದ್ಯಾಕೆ ಸ್ವಾಮಿ ಗೋಡೆ ಕೊರ್ದಿದೀರಾ?” ಎಂದು ಕೇಳಿದಳು.

“ಒಳಗಿಂದ ವಾಸ್ನೆ ಬತ್ತಿತ್ತು ಕಣಮ್ಮ. ಎಲ್ಲಿವರ್ಗೂ ಹೋಗೈತೆ ಅಂತ ನೋಡ್ದೆ.”

ಹೌದಲ್ಲ ಎಂದು ಎಲ್ಲರೂ ತಲೆಯಾಡಿಸಿದರು. ಆ ಗುಂಡಿಯಲ್ಲಿ ವಾಸನೆ ಎಂಬ ಒಂದು ಮಾತು ಹೇಳಿದರೆ ಯಾವ ಕೆಲಸಕ್ಕೂ ಕಾರಣ ಸಿಗುತ್ತಿತ್ತು.

ಸೋಮವಾರ ಕಲ್ಲೇಶಪ್ಪ ಬಂದ. ಮಡಿಯ ಪಂಚೆ, ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಶಿವದಾರಕ್ಕೆ ಕಟ್ಟಿದ, ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ.

“ಅಣ್ಣಾ, ತಳದಲ್ಲಿ ಇನ್ನೂ ವಾಸ್ನೆ ಐತೆ. ಇಳ್ದು ನೋಡು.”

ಕಲ್ಲೇಶಪ್ಪ ಏಣಿಯಿಳಿದ, ತಮ್ಮ ಹಿಂದೆಯೇ ಇಳಿದ. ಅವನು ಮಣ್ಣು ನೋಡುವ ಕ್ರಮ ದೇವೀರಪ್ಪನಿಗೆ ಗೊತ್ತಿತ್ತು. ಬಗ್ಗಿ, ಒಂದು ಹಿಡಿ ತೆಗೆದು, ಮೂಗಿಗೆ ಹಿಡಿದು, ಕಣ್ಣು ಮುಚ್ಚುತ್ತಾನೆ. ಕಣ್ಣು ಮುಚ್ಚಿದಾಗ ದೇವೀರಪ್ಪ ಅಲ್ಲೇ ಬಿದ್ದಿದ್ದ ದಾವೂದ್ ಸಾಬನ ಹಾರೆಯನ್ನು ಎತ್ತಿ ತಲೆಯ ಹಿಂಭಾಗಕ್ಕೆ ಬಿಟ್ಟ. ತೆಂಗಿನಕಾಯಿ ಒಡೆದ ಸದ್ದಾಯಿತು. ಆದರೂ ಕಲ್ಲೇಶಪ್ಪ ಬೀಳಲಿಲ್ಲ. ಮಂಡಿಯೂರಿ ತಿರುಗಿ, ಬಾಯಲ್ಲಿ ರಕ್ತ ತುಂಬಿಕೊಂಡು, “ಯಾಕಲೇ?” ಎಂದ. ನಿಜವಾಗಿಯೂ ತಿಳಿಯದವನಂತೆ ಕೇಳಿದ. ಅದೇ ದೇವೀರಪ್ಪನಿಗೆ ಮೈಯೆಲ್ಲ ಉರಿಸಿತು. ಎರಡನೆಯ ಏಟು ಕೆನ್ನೆಗೆ. ದವಡೆ ಮುರಿದು ಪಕ್ಕಕ್ಕೆ ಜರುಗಿತು. “ಇದಕ್ಕೆ ಕಣೋ! ಈ ಕೆನ್ನೇಗೆ!” ಎಂದು ಕಿರುಚಿದ. ಆಮೇಲೆ ಎಷ್ಟು ಹೊಡೆದನೋ ಅವನಿಗೇ ನೆನಪಿಲ್ಲ. ನಿಲ್ಲಿಸಿದಾಗ ರಕ್ತವನ್ನು ಕರಿಮಣ್ಣು ಆಗಲೇ ಕುಡಿದಿತ್ತು.

ಸುಸ್ತು ಆರಿದ ಮೇಲೆ ಯೋಚಿಸಿಟ್ಟಂತೆಯೇ ಮುಂದುವರಿದ. ಕರಡಿಗೆ ಬಿಚ್ಚಿದ. ಕ್ವಾರಿಯಲ್ಲಿ ದಾವೂದ್ ಸಾಬ್ ಹಾಕಿಕೊಂಡಿದ್ದ ಗುಡಿಸಲಿನಲ್ಲಿ ಸಿಗಬೇಕಾದ ಬೆಳ್ಳಿ ಅದು. ಒಳಗಿನ ಲಿಂಗವನ್ನು ತೆಗೆದು, ಹೆಣವನ್ನು ಗೂಡಿನೊಳಕ್ಕೆ ಎಳೆದು, ಕಾಲು ಮಡಚಿ ಕೂರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟು ಪಂಚೆಯ ಅಂಚು ಹರಿದು ಸುತ್ತಿದ. ಹಣೆಯ ರಕ್ತ ಒರೆಸಿ ವಿಭೂತಿ ಹಚ್ಚಿದ. ಮೂರು ಹಿಡಿ ಮಣ್ಣು ಹಾಕಿದ, ಆಮೇಲೆ ಸಲಿಕೆಯಿಂದ ಗೂಡಿನ ಬಾಯಿ ಮುಚ್ಚಿ ಕರಿಮಣ್ಣು ಮೆತ್ತಿದ. ತನ್ನ ಬಟ್ಟೆಗೂ ಅದೇ ಮಣ್ಣು ಬಳಿದುಕೊಂಡ. ಅಲ್ಲಿಂದ ಹೊರಬಂದವನು ಕಪ್ಪಗೆ ನಾರುತ್ತಿದ್ದರೆ ಅಜ್ಜಂಪುರದಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಗುಂಡಿಯ ಹತ್ತಿರ ದಾವೂದ್ ಸಾಬ್ ತನ್ನ ಹಾರೆ ಹುಡುಕುತ್ತಿದ್ದ. “ಶುದ್ಧವಾಗೈತೆ ಅಂತ ಅಣ್ಣ ಹೇಳ್ಹೋದ. ಮಧ್ಯಾಹ್ನದೊಳಗೆ ತುಂಬ್ಸಿಬಿಡಿ ಸಾಬ್ರೇ,” ಎಂದ ದೇವೀರಪ್ಪ. ಅವರು ಇಲ್ಲಿ ಕೆಂಪು ಮಣ್ಣು ತುಂಬುತ್ತಿರುವಾಗ ಇವನು ಕ್ವಾರಿಗೆ ಹೋಗಿ ಹಾರೆಯನ್ನು ಹರಡಿದ ಮಣ್ಣಿನಡಿ ತಳ್ಳಿ, ಕರಡಿಗೆಯನ್ನು ಗುಡಿಸಲಿನ ಸೂರಿಗೆ ಸಿಕ್ಕಿಸಿ ಬಂದ. ಸಂಜೆ ಅಣ್ಣ ಕಾಣುತ್ತಿಲ್ಲವೆಂದು ಠಾಣೆಯಲ್ಲಿ ಅತ್ತ. ತರೀಕೆರೆಯಲ್ಲಿ, ಕಡೂರಿನಲ್ಲಿ, ಬೀರೂರು ಸ್ಟೇಷನ್ನಿನಲ್ಲಿ ಹುಡುಕಿಸಿದ. ಬುಧವಾರ, ಬಹಳ ಸಂಕೋಚದಿಂದ, ಬಸ್‌ಸ್ಟ್ಯಾಂಡಿನ ಆ ಹಳೆಯ ಮಾತನ್ನು ನೆನಪಿಸಿಕೊಂಡ.

ಹಾರೆ ಸಿಕ್ಕಿತು. ಕರಡಿಗೆ ಸಿಕ್ಕಿತು. ಪೊಲೀಸರು ಕರೆದೊಯ್ಯುವ ಮೊದಲೇ ಜನ ದಾವೂದ್ ಸಾಬನ ಮೇಲೆ ಬಿದ್ದರು. ಕಲ್ಲು, ಚಪ್ಪಲಿ, ಗಾಡಿಯ ಗೂಟ, ಯಾರ ಕೈಗೆ ಏನು ಸಿಕ್ಕಿತೋ ಅದು. ಮುಂದಿನ ಹಲ್ಲುಗಳು ರಸ್ತೆಗೆ ಬಿದ್ದವು. ಸರ್ವರ್ ಬೇಗಂ ನಡುವೆ ನುಗ್ಗಿ, ಸುಟ್ಟು ಮುರುಟಿದ ಬೆರಳುಗಳಿಂದ ಗಂಡನ ಮುಖದ ರಕ್ತ ಒರೆಸಲು ನೋಡಿದಳು. ಅವಳ ಬೆರಳು ಮಡಚುತ್ತಿರಲಿಲ್ಲ. “ಅಪ್ಪನ ಗೋರಿ ಮುಟ್ಟಿ ಹೇಳ್ತೀನಿ, ನಾನಲ್ಲ ಸ್ವಾಮಿ,” ಎಂಬುದೊಂದನ್ನೇ ದಾವೂದ್ ಸಾಬ್ ಹೇಳುತ್ತಿದ್ದ. ಹೆಣ ಎಲ್ಲಿ ಎಂದರೆ ಅವನಿಗೇನು ಗೊತ್ತು? ಗುರುವಾರ ದೇವೀರಪ್ಪನೇ ಆ ಕಷ್ಟ ಪರಿಹರಿಸಬೇಕಾಯಿತು.

“ನಾನ್ ಹೇಳ್ಬಾರ್ದು ಸ್ವಾಮಿ,” ಎಂದ ಸಬ್ ಇನ್‌ಸ್ಪೆಕ್ಟರಿಗೆ. “ತಿಂಗಳುಗಟ್ಲೆ ನಿಧಾನ ಮಾಡ್ತಿದ್ದ ಮನುಷ್ಯ, ಮಂಗಳವಾರ ಒಂದೇ ದಿನಕ್ಕೆ ಗುಂಡಿ ಮುಚ್ಚಿಸ್ಬಿಟ್ಟ.”

ತರೀಕೆರೆಯಲ್ಲಿ ರಿಜಿಸ್ಟ್ರಿ ಆಗಬೇಕಿದ್ದ ಹೊತ್ತಿಗೆ ಇಲ್ಲಿ ಕೆಂಪು ಮಣ್ಣು ಮತ್ತೆ ಮೇಲೆ ಬರುತ್ತಿತ್ತು. ತಗಡಿನ ಸುತ್ತ ಊರೇ ನೆರೆದಿತ್ತು. ಹೆಣದ ಜಾಗ ತೋರಿಸಲೆಂದು ದಾವೂದ್ ಸಾಬನಿಗೆ ಬೇಡಿ ಹಾಕಿ ತಂದು ಕೂರಿಸಿದ್ದರು. ಒಂದು ಕಣ್ಣು ಪೂರಾ ಮುಚ್ಚಿತ್ತು. ತೀರ್ಥಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ದೇವೀರಪ್ಪ ಯಾವುದಕ್ಕೂ ಕೊರತೆಯಾಗಬಾರದೆಂದು, ಊರಿನ ಲಿಂಗವಂತರ ಸಾವುಗಳಿಗೆಲ್ಲ ಸಂಸ್ಕಾರ ಮಾಡಿಸುವ ಮುದುಕ ಅಜ್ಜಯ್ಯನನ್ನೂ ಬೆಳಿಗ್ಗೆಯೇ ಹೇಳಿ ಕರೆಸಿದ್ದ. ಗೋಡೆಯ ಕರಿಮಣ್ಣು ಕುಸಿದು ಒಳಗೆ ಪಂಚೆ ಕಂಡಾಗ ಅವನು ಎದೆ ಬಡಿದುಕೊಂಡು ಅತ್ತ. ಪೆಟ್ರೋಲಿನ ನಾತಕ್ಕೆ ಕಣ್ಣು ತಾನಾಗಿಯೇ ನೀರೂರುತ್ತಿತ್ತು. ಸಬ್ ಇನ್‌ಸ್ಪೆಕ್ಟರ್ ಭುಜ ತಟ್ಟಿ ಸಮಾಧಾನ ಹೇಳಿದರು. ಎಲ್ಲವೂ ಅವನು ಎಣಿಸಿದಂತೆಯೇ ನಡೆಯುತ್ತಿತ್ತು.

ಅಜ್ಜಯ್ಯ ಏಣಿ ಹಿಡಿದು ನಿಧಾನವಾಗಿ ಕೆಳಗಿಳಿದು ಗೂಡಿನೊಳಕ್ಕೆ ಇಣುಕಿದ. ಜೋಳಿಗೆಗೆ ಹಾಕಿದ ಕೈ ಅಲ್ಲೇ ನಿಂತಿತು. “ಏನಪ್ಪಾ ದೇವೀರಪ್ಪ, ನನ್ನನ್ಯಾಕೆ ಕರೆಸ್ದೆ?” ಎಂದು ಕೆಳಗಿನಿಂದಲೇ ಕೇಳಿದ. “ಇಲ್ಲಿ ಎಲ್ಲಾ ಆಗೋಗೈತಲ್ಲ. ಗೂಡಲ್ಲಿ ಕಾಲು ಮಡ್ಚಿ ಕೂರ್ಸವ್ರೆ, ವಿಭೂತಿ ಹಚ್ಚವ್ರೆ, ಎಡಗೈಲಿ ಲಿಂಗ ಇಟ್ಟು ಬಟ್ಟೆ ಸುತ್ತವ್ರೆ. ಹೆಣ ಮಲಗ್ಸಿ ಹೂಳೋ ಸಾಬ್ರಿಗೆ ಇದನ್ನೆಲ್ಲಾ ಯಾರ್ ಹೇಳ್ಕೊಟ್ರು?” ಜನರ ಮಧ್ಯದಿಂದ ಯಲ್ಲಮ್ಮ, “ಆ ಗೂಡು ಕೊರ್ದಿದ್ದು ದೇವೀರಪ್ಪನೋರೇ ಅಲ್ವ್ರಾ?” ಎಂದು ಪಕ್ಕದವಳನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು. ದಾವೂದ್ ಸಾಬ್ ಮುಚ್ಚದೆ ಉಳಿದಿದ್ದ ಕಣ್ಣನ್ನು ಮೇಲೆತ್ತಿದ. ಭುಜದ ಮೇಲಿದ್ದ ಸಬ್ ಇನ್‌ಸ್ಪೆಕ್ಟರರ ಕೈ ಈಗ ತೋಳಿಗಿಳಿದು ಬಿಗಿಯುತ್ತಿರುವುದು ದೇವೀರಪ್ಪನಿಗೆ ತಿಳಿಯುತ್ತಿತ್ತು. ವಾರ, ಹಾರೆ, ಬೆಳ್ಳಿ, ಮಣ್ಣು, ಎಲ್ಲವನ್ನೂ ಅವನು ಹತ್ತು ಸಲ ಯೋಚಿಸಿದ್ದ. ಅಣ್ಣನನ್ನು ಕೂರಿಸಿದ್ದನ್ನು ಮಾತ್ರ ಯೋಚಿಸಿರಲಿಲ್ಲ. ಸತ್ತವರನ್ನು ಹೂಳುವುದಕ್ಕೆ ಬೇರೆ ರೀತಿಯೂ ಇದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ.